ಎಡಗಾಲಿನ ಸಾಕ್ಷಿ

ಎಡಗಾಲಿನ ಹುಣ್ಣಿನ ಅಂಚಿಗೆ ಹತ್ತಿಕೊಂಡಿದ್ದ ಹಳದಿ ಮುಲಾಮನ್ನು ಡೆಲ್‌ರೋಸ್ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ತೆಗೆಯುತ್ತಿದ್ದಳು. ಬಲಗಾಲಿನದು ಹಾಗೇ ಇರಬಹುದು, ಅಲ್ಲಿ ಹಳದಿ ಇರಬೇಕಾದದ್ದೇ. ಎಡಗಾಲಿನ ಮೇಲೆ ಮಾತ್ರ ಅದು ಇರಕೂಡದು. ಅಂಗಳದ ತಗಡಿನ ಬೇಲಿಯಾಚೆ ಪಕ್ಕದ ಮನೆಯ ರೇಡಿಯೋ ಸತ್ತವರ ಹೆಸರುಗಳನ್ನು ಓದುತ್ತಿತ್ತು. ಇಂಥವರ ಮಗಳು, ಇಂಥವರ ಅತ್ತಿಗೆ, ಇಂಗ್ಲೆಂಡಿನಲ್ಲಿ ಮೊಮ್ಮಕ್ಕಳು, ಶವಸಂಸ್ಕಾರ ಭಾನುವಾರ. ಒರೆಸಿದಷ್ಟೂ ಹಳದಿ ಚರ್ಮದ ಸಣ್ಣ ಗೆರೆಗಳೊಳಗೆ ಹೋಗಿ ಕೂರುತ್ತಿತ್ತು. ನೋವಿತ್ತು, ಆದರೆ ನೋವಿನ ಜೊತೆ ಅವಳದು ಹಳೆಯ ಪರಿಚಯ. ಅದಕ್ಕಿಂತ ಈ ಬೆಳಗಿನ ಕೆಲಸದ ನಾಚಿಕೆಯೇ ಹೊಸದು. ತನ್ನ ಕಾಲಿಗೆ ತಾನೇ ಮುಲಾಮು ಹಚ್ಚಿಕೊಂಡು, ಕ್ಲಿನಿಕ್ಕಿಗೆ ಹೋಗುವ ದಿನ ಕದ್ದು ತೊಳೆದುಕೊಳ್ಳುವ, ನಲವತ್ತು ದಾಟಿದ ಹೆಂಗಸು. ಇದು ಕಳ್ಳತನವೇ ಆದರೆ ಕಳೆದುಕೊಂಡವರು ಯಾರು? ಪ್ರತಿ ಸಲವೂ ಈ ಪ್ರಶ್ನೆ ಕೇಳಿಕೊಂಡು, ಉತ್ತರ ಬರುವ ಮೊದಲೇ ಬ್ಯಾಂಡೇಜು ಸುತ್ತಿ ಮುಗಿಸಿಬಿಡುತ್ತಿದ್ದಳು. ಇವತ್ತೂ ಹಾಗೇ ಮಾಡಿದಳು.

ಕಾಯಿಲೆ ಹುಟ್ಟಿನಿಂದ ಬಂದದ್ದು. ರಕ್ತದ ಕಣಗಳು ದುಂಡಗಿರುವ ಬದಲು ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ಕಿಂಗ್‌ಸ್ಟನ್ನಿನ ಕ್ಲಿನಿಕ್ಕಿನ ಗೋಡೆಯ ಮೇಲೆ ಚಿತ್ರ ಬರೆದು ಹಾಕಿದ್ದಾರೆ. ಹುಣ್ಣು ಮಾತ್ರ ಶಾಲೆಯ ಕಾಲದ್ದು. ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದಳು, ಅದು ಗಾಯವಾಯಿತು, ಆ ಗಾಯ ಮತ್ತೆ ಮುಚ್ಚಲೇ ಇಲ್ಲ. ಆಮೇಲೆ ಅದನ್ನು ನೋಡಿ ಕಲಿತ ಹಾಗೆ ಇನ್ನೊಂದು ಕಾಲಿನ ಗಂಟಿನ ಮೇಲೂ ಒಂದು ಎದ್ದಿತು. ಅಮ್ಮ ಲೋಳೆಸರ ಕಟ್ಟಿದಳು, ಪರಂಗಿಹಣ್ಣು ಅರೆದು ಹಚ್ಚಿದಳು, ಯಾರೋ ಹೇಳಿದರೆಂದು ಮೈಲುತುತ್ತದ ಪುಡಿ ಉದುರಿಸಿದಳು. ಅವತ್ತು ಡೆಲ್‌ರೋಸ್ ಕಿರುಚಿಕೊಂಡದ್ದು ಬೀದಿ ಕೊನೆಯ ಚರ್ಚಿನವರೆಗೂ ಕೇಳಿಸಿತ್ತಂತೆ. "ಕೊಳೆತ ಕಾಲು ಬಂತು" ಎಂದು ತರಗತಿಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗಿಯರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಅವರಲ್ಲೊಬ್ಬಳು ಇವಳ ಗೆಣಸಿನ ಪುಡ್ಡಿಂಗಿನ ಖಾಯಂ ಗಿರಾಕಿ. ತುಂಬ ಒಳ್ಳೆಯವಳು, ಹಳೆಯದೆಲ್ಲ ಅವಳಿಗೆ ನೆನಪೇ ಇಲ್ಲ. ಆದರೂ ಅವಳು ಗೇಟಿನ ಹತ್ತಿರ ಬಂದರೆ ಸಾಕು, ಡೆಲ್‌ರೋಸಳ ಕಾಲುಗಳು ತಾವಾಗಿಯೇ ಮೇಜಿನ ಹಿಂದಕ್ಕೆ ಸರಿಯುತ್ತವೆ. ತಿನ್ನುವ ಪದಾರ್ಥ ಮಾರುವವಳ ಬ್ಯಾಂಡೇಜಿನ ಮೇಲೆ ನೊಣ ಕೂತದ್ದನ್ನು ಕಂಡವರು ಮತ್ತೆ ಬರುವುದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ.

ಸ್ಪ್ಯಾನಿಶ್ ಟೌನಿನಿಂದ ಕಿಂಗ್‌ಸ್ಟನ್ನಿಗೆ ಹೊರಡುವ ಮಿನಿಬಸ್ಸು ಎಂದಿನಂತೆ ತುಂಬಿತ್ತು. "ಮುದುರ್ಕೊಳ್ಳಿ, ಸ್ವಲ್ಪ ಮುದುರ್ಕೊಳ್ಳಿ! ಆಂಟೀ, ನಿಮ್ಮ ಸೊಂಟಕ್ಕೆ ಬೇರೆ ಟಿಕೆಟ್ ತಗೋಬೇಕಾಗತ್ತೆ ನೋಡಿ," ಎಂದು ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದ. ಎಲ್ಲರೂ ನಕ್ಕರು, ಆಂಟಿಯೂ ನಕ್ಕಳು. ಡೆಲ್‌ರೋಸ್ ಕಾಲುಗಳನ್ನು ಸೀಟಿನಡಿ ತಳ್ಳಿಕೊಂಡು, ಪಕ್ಕದಲ್ಲಿ ಕೂತವನ ಬೂಟು ಎಲ್ಲಿದೆ ಎಂದು ನೋಡುತ್ತಿದ್ದಳು. ಪ್ರಯಾಣದುದ್ದಕ್ಕೂ ಅವಳು ನೋಡುವುದು ಬೂಟುಗಳನ್ನೇ. ಬ್ಯಾಂಡೇಜಿನ ಮೇಲೆ, ಮೈಗೆ ಹಚ್ಚಿಕೊಳ್ಳುವ ಬೇ ರಮ್ ದ್ರಾವಣ ಚಿಮುಕಿಸಿದ್ದಳು. ಆ ಘಾಟು ವಾಸನೆ ಇನ್ನೊಂದು ವಾಸನೆಯನ್ನು ಮುಚ್ಚುತ್ತದೆಂದು ಅವಳ ನಂಬಿಕೆ, ಆದರೆ ಮುಚ್ಚಲು ಏನೋ ಇದೆ ಎಂದು ಅದೇ ಸಾರಿ ಹೇಳುತ್ತದೆಂಬ ಅನುಮಾನವೂ ಇತ್ತು. ಈಚೆಗೆ ಮುಚ್ಚುವಂಥದ್ದು ಹೆಚ್ಚೇನೂ ಇರಲಿಲ್ಲ. ಎರಡೂ ಹುಣ್ಣು ಒಣಗುತ್ತಿದ್ದವು, ಅಂಚಿನಿಂದ ತೆಳ್ಳನೆಯ ಗುಲಾಬಿ ಚರ್ಮ ಒಳಕ್ಕೆ ಹರಿದು ಬರುತ್ತಿತ್ತು. ಆದರೂ ಬೇ ರಮ್ ಇಲ್ಲದೆ ಹೊರಡಲು ಧೈರ್ಯ ಬಂದಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಹೊಸ ಮುಲಾಮಿನ ಪರೀಕ್ಷೆ ಶುರುವಾದ ದಿನ ಡಾಕ್ಟರ್ ಲಿಂಡೊ ಅವಳ ಎರಡೂ ಕಾಲುಗಳನ್ನು ಸ್ಟೂಲಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇರುವ ಅಭ್ಯಾಸ. "ಎರಡು ಕಾಲಲ್ಲೂ ಒಂದೇ ಅಳತೆಯ ಹುಣ್ಣು ಇರೋರು ಸಿಗೋದೇ ಕಷ್ಟ, ಮಿಸ್ ಡೆಲ್‌ರೋಸ್. ನಿಮ್ಮವು ಹೇಳಿ ಮಾಡಿಸಿದ ಹಾಗಿವೆ," ಎಂದಿದ್ದರು. ಅವಳ ಕಾಲುಗಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹುಣ್ಣು ಹೊಗಳಿಸಿಕೊಂಡು ಹಿಗ್ಗುವುದೆಂದರೆ ಏನು ಹೇಳಬೇಕು, ಆದರೂ ಹಿಗ್ಗಿದಳು. ಬಲಗಾಲಿಗೆ ಹೊಸ ಮುಲಾಮು, ಎಡಗಾಲಿಗೆ ಬರೀ ಉಪ್ಪುನೀರಿನ ಪಟ್ಟಿ, ಎಂದು ಡಾಕ್ಟರು ವಿವರಿಸಿದ್ದರು. "ಬಲಗಾಲು ವಾಸಿಯಾದ್ರೆ ಅದು ಮುಲಾಮಿಂದಲೇ ಅಂತ ನಾನು ಹೇಗೆ ಹೇಳ್ಲಿ? ದಿನಾ ತೊಳೆದು ಕಟ್ಟಿದ್ದಕ್ಕೇ ಆಯ್ತು ಅಂತ ಯಾರಾದ್ರೂ ಅನ್ನಬಹುದಲ್ಲ? ಅದಕ್ಕೇ ಎಡಗಾಲು. ಅದು ನಮ್ಮ ಸಾಕ್ಷಿ." ಡೆಲ್‌ರೋಸ್ ತಲೆಯಾಡಿಸಿದಳು. ಸಾಕ್ಷಿ ಎಂಬ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಚರ್ಚಿನಲ್ಲಿ ಪ್ರತಿ ವಾರ ಯಾರಾದರೂ ಎದ್ದುನಿಂತು ಸಾಕ್ಷಿ ಹೇಳುತ್ತಾರೆ. ಸಾಕ್ಷಿಯಾದವರು ಉಪವಾಸ ಕೂರಬೇಕಾಗುತ್ತದೆಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಕೆಲವು ವಾರಗಳಲ್ಲಿ ಬಲಗಾಲಿನ ಹುಣ್ಣು ಸಣ್ಣದಾಗತೊಡಗಿತು. ಎಡಗಾಲಿನದು ಇದ್ದಲ್ಲೇ ಇತ್ತು, ಒದ್ದೆಯಾಗಿ, ಕಣ್ಣು ಬಿಟ್ಟುಕೊಂಡು. ಮೇಲೂ ಕೆಳಗೂ ಕೆಂಡ ಇಟ್ಟು ಪುಡ್ಡಿಂಗು ಬೇಯಿಸುತ್ತಿದ್ದ ಒಂದು ಮಧ್ಯಾಹ್ನ, ಬಲಗಾಲಿಗೆ ಮುಲಾಮು ಹಚ್ಚುವಾಗ ಎಡಗಾಲು ತನ್ನನ್ನು ನೋಡುತ್ತಿದೆ ಎಂದು ಅವಳಿಗೆ ಅನ್ನಿಸಿತು. ಹುಚ್ಚು ಯೋಚನೆ. ಆದರೆ ಅಮ್ಮ ಒಂದೇ ಕಡುಬನ್ನು ಕರಿದ ದಿನವೂ ಅದನ್ನು ಮುರಿದು, ಇವಳಿಗೊಂದು ಚೂರು, ತಂಗಿ ಕ್ಲಾಡೆಟ್‌ಗೊಂದು ಚೂರು ಕೊಡುತ್ತಿದ್ದಳು. ಇಲ್ಲದವಳ ಎದುರು ಕೂತು ತಿಂದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಕ್ಲಾಡೆಟ್ ಇದೇ ಕಾಯಿಲೆಯಲ್ಲಿ ಹೋದಳು, ಅಮ್ಮನೂ ಹೋದಳು, ಗುದ್ದು ಮಾತ್ರ ಬೆನ್ನಿನಲ್ಲೇ ಉಳಿದಿದೆ. ಆಮೇಲೆ ಕಾಲು ತೊಳೆಯುವ ಶನಿವಾರದ ನೆನಪು. ವರ್ಷಕ್ಕೆ ಕೆಲವು ಸಲ ಅವರ ಚರ್ಚಿನಲ್ಲಿ ರೊಟ್ಟಿ ಮುರಿಯುವ ಮೊದಲು ಹೆಂಗಸರು ಜೋಡಿಜೋಡಿಯಾಗಿ ಒಳಕೋಣೆಗೆ ಹೋಗಿ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ. ಎನಾಮಲ್ ಬೋಗುಣಿ, ಉಗುರುಬೆಚ್ಚಗಿನ ನೀರು, ಮಂಡಿಯೂರಿ ಹಾಡುವ ಹೆಂಗಸರು. ದೀಕ್ಷೆಯ ನೀರಿನಲ್ಲಿ ಮುಳುಗಿ ಎದ್ದ ವರ್ಷದಿಂದ ಇವತ್ತಿನವರೆಗೆ ಡೆಲ್‌ರೋಸ್ ಆ ಕೋಣೆಯಲ್ಲಿ ಮಾಡಿದ್ದು ಒಂದೇ ಕೆಲಸ. "ನೀನು ಟವೆಲ್ ಹಿಡ್ಕೋ ಚಿನ್ನ," ಎನ್ನುತ್ತಾರೆ ಸಿಸ್ಟರ್ ಮರ್ಟಲ್, ಪ್ರತಿ ಸಲವೂ ಅದೇ ಅಕ್ಕರೆಯಿಂದ. ಬೇರೆಯವರು ಒರೆಸಿಕೊಂಡ ಒದ್ದೆ ಟವೆಲುಗಳನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಗೋಡೆಗೊರಗಿ ನಿಲ್ಲುತ್ತಾಳೆ. ಬಲಗಾಲು ವಾಸಿಯಾದರೆ ಏನು ಬಂತು? ಒಂದೇ ಕಾಲನ್ನು ಬೋಗುಣಿಗಿಟ್ಟು, ಇನ್ನೊಂದನ್ನು ಲಂಗದಡಿ ಬಚ್ಚಿಟ್ಟುಕೊಳ್ಳಲಾಗುತ್ತದೆಯೇ? ಕೆಂಡದ ಮೇಲೆ ತೆಂಗಿನ ಹಾಲು ಉಕ್ಕಿ ಚುಂಯ್ ಎಂದಿತು. ಮುಲಾಮಿನ ಜಾಡಿಯಲ್ಲಿದ್ದ ಬೆರಳನ್ನು ತೆಗೆದು ಅವಳು ಎಡಗಾಲಿಗೂ ಒಂದಿಷ್ಟು ಹಚ್ಚಿದಳು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಎವರ್ಟನ್ ಆಗಲೇ ಬಂದು ಕೂತಿದ್ದ. ಕ್ಷೌರಿಕ, ಮೂವತ್ತು ತುಂಬದವನು. ನಿಂತು ಕೆಲಸ ಮಾಡಲಾಗದೆ ಎತ್ತರದ ಸ್ಟೂಲಿನ ಮೇಲೆ ಕೂತು ಕೂದಲು ಕತ್ತರಿಸುತ್ತಾನೆ. ಅವನೂ ಇದೇ ಪರೀಕ್ಷೆಯಲ್ಲಿ ಇರುವವನು, ಬಲಗಾಲಿಗೆ ಮುಲಾಮು, ಎಡಗಾಲಿಗೆ ಉಪ್ಪುನೀರು. "ಬನ್ನಿ ಮಿಸ್ ಡೆಲ್, ನನ್ನ ಶ್ರೀಮಂತ ಕಾಲು ನೋಡಿ," ಎಂದು ಪ್ಯಾಂಟಿನ ಬಲಗಾಲನ್ನು ಮೇಲಕ್ಕೆತ್ತಿದ. ಹುಣ್ಣು ಎಷ್ಟೋ ಸಣ್ಣದಾಗಿತ್ತು. "ಮತ್ತೆ ಅದು?" ಎಂದಳು ಅವಳು. "ಅದು ಬಡವ. ಅವನ ಮಾತು ಬಿಡಿ. ನೆಂಟರ ಮನೆ ಮದುವೆಗೆ ಕರೀದೇ ಇದ್ದೋನ ಥರ ಮುಖ ಊದಿಸ್ಕೊಂಡಿದಾನೆ." ಅವಳು ನಗಬೇಕಾಗಿತ್ತು, ನಕ್ಕಳು. ಅವನು ಎಡಗಾಲಿನ ಬ್ಯಾಂಡೇಜನ್ನು ಬಿಚ್ಚಿ ತೋರಿಸಲಿಲ್ಲ, ಆದರೆ ಅದು ಮೊದಲಿದ್ದಷ್ಟೇ ಇದೆ ಎಂದು ಅದರ ಮೇಲಿನ ಕಲೆಯೇ ಹೇಳುತ್ತಿತ್ತು. ಇವನಿಗೂ ತನ್ನ ಹಾಗೇ ಅನ್ನಿಸುವುದಿಲ್ಲವೇ? ಅನ್ನಿಸುತ್ತದೆ, ತಡೆದುಕೊಳ್ಳುತ್ತಾನೆ. ಇಷ್ಟು ತಮಾಷೆ ಮಾಡುವವನು ಅಷ್ಟು ಗಟ್ಟಿಗನೆಂದು ಅವಳಿಗೆ ಮೊದಲು ಹೊಳೆದಿರಲಿಲ್ಲ. ಅವನ ಪಕ್ಕದಲ್ಲಿ ಕೂರಲು ಒಂದು ಥರ ಆಯಿತು, ಆದರೆ ಬೇರೆ ಜಾಗ ಇರಲಿಲ್ಲ.

ಒಳಗೆ ನರ್ಸ್ ಗೇಲ್ ಬ್ಯಾಂಡೇಜು ಬಿಚ್ಚಿದರು. ಡಾಕ್ಟರ್ ಲಿಂಡೊ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಲಗಾಲಿನ ಹುಣ್ಣಿನ ಮೇಲಿಟ್ಟು ಅದರ ಅಂಚನ್ನು ಪೆನ್ನಿನಿಂದ ಎಳೆದರು, ಆಮೇಲೆ ಎಡಗಾಲಿನದನ್ನು. ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಗಳು ಒಂದರ ಮೇಲೊಂದು ಕೂತವು. ಡೆಲ್‌ರೋಸ್ ಆ ಮುಖದಲ್ಲಿ ಸಂತೋಷ ಬರುವುದಕ್ಕೆ ಕಾದಳು. ಎರಡೂ ಕಾಲು ಗುಣವಾಗುತ್ತಿವೆ, ಇನ್ನೇನು ಬೇಕು ಇವರಿಗೆ? ಡಾಕ್ಟರು ಕುರ್ಚಿಯ ಮೇಲೆ ಕೂತು ಪೆನ್ನಿಗೆ ಮುಚ್ಚಳ ಹಾಕಿದರು. "ನಿಮ್ಮ ಕಾಲು ಚೆನ್ನಾಗಾಗ್ತಿದೆ ಮಿಸ್ ಡೆಲ್‌ರೋಸ್, ಅದು ಖುಷಿ. ಆದರೆ ಮುಲಾಮು ಸೋತುಹೋಯ್ತು." ಅವಳಿಗೆ ಅರ್ಥವಾಗಲಿಲ್ಲ. "ಉಪ್ಪುನೀರಿನ ಕಾಲೂ ಅಷ್ಟೇ ವಾಸಿ ಆಗಿದೆಯಲ್ಲ. ಅಂದ್ಮೇಲೆ ಮುಲಾಮು ಮಾಡಿದ್ದೇನು? ಬೇರೆಯವರದ್ದು ಒಬ್ಬೊಬ್ಬರದು ಒಂದೊಂದು ಥರ, ಹುಣ್ಣು ದೊಡ್ಡದು ಚಿಕ್ಕದು ಇರತ್ತೆ. ನಿಮ್ಮ ಜೋಡಿನೇ ನಾನು ಎಲ್ಲರಿಗಿಂತ ಹೆಚ್ಚು ನಂಬಿದ್ದೆ. ಈ ತಿಂಗಳ ಕೊನೆಗೆ ಮುಲಾಮು ನಿಲ್ಲಿಸಬೇಕು ಅಂತ ಬರೀತೀನಿ. ಕೆಲಸ ಮಾಡದೇ ಇರೋದನ್ನ ಜನರಿಗೆ ಹಚ್ಚಿಸಿ ಏನು ಉಪಯೋಗ?" ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಪಾಪ, ನಿದ್ದೆ ಇಲ್ಲವೇನೋ ಎಂದುಕೊಂಡಳು. ಈ ಪಾಪ ಎನ್ನುವ ಮನಸ್ಸು ಇಂಥ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ. ಬಾಯಿ ತೆರೆದಳು, "ಥ್ಯಾಂಕ್ಯೂ ಡಾಕ್ಟರ್" ಎಂಬ ಮಾತು ಬಂತು, ನರ್ಸ್ ಗೇಲ್ ಹೊಸ ಪಟ್ಟಿ ಕಟ್ಟಿದರು, ಅವಳು ಹೊರಗೆ ಬಂದಳು.

ಎವರ್ಟನ್ ಅವಳ ಮುಖ ನೋಡಿ ಕೇಳಿದ, ಅವಳು ಹೇಳಿದಳು. ಅರ್ಧ ಮಾತ್ರ ಹೇಳಿದಳು. "ಮುಲಾಮು ನಿಲ್ಲಿಸ್ತಾರಂತೆ." ಅವನು ತಮಾಷೆ ಎಂದುಕೊಂಡ. ಆಮೇಲೆ ತಮಾಷೆಯಲ್ಲ ಎಂದು ತಿಳಿದು, ಪ್ಯಾಂಟಿನ ಮಡಿಕೆಯನ್ನು ಬಿಡಿಸಿ ಶ್ರೀಮಂತ ಕಾಲನ್ನು ಮುಚ್ಚಿಕೊಂಡ. "ನನ್ನ ಹುಣ್ಣು ಮುಚ್ಕೊಳ್ತಾ ಇದೆಯಲ್ಲ ಮಿಸ್ ಡೆಲ್," ಎಂದ. "ಇದು ಕೆಲಸ ಮಾಡಲ್ಲ ಅಂತ ಯಾರಂದ್ರು? ನನ್ನನ್ನ ಕೇಳ್ಲಿ. ಈ ಕಾಲಿಗೆ ಆರು ವರ್ಷದಿಂದ ಏನೇನು ಸುರಿದಿದೀನಿ ನಾನು." ಅವನ ದನಿ ಒಡೆಯಿತು, ಒಡೆದದ್ದಕ್ಕೆ ನಾಚಿ ಅವನು ಕೆಮ್ಮಿದ. "ಮುಂದಿನ ವರ್ಷದ ಹೊತ್ತಿಗೆ ನಿಂತ್ಕೊಂಡು ಕೆಲಸ ಮಾಡ್ತೀನಿ ಅಂತ ಅಂಗಡಿಯವನಿಗೆ ಹೇಳಿಬಿಟ್ಟಿದೀನಿ." ಡೆಲ್‌ರೋಸ್ ಎದುರಿನ ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದಳು, ಬಾಗಿದ ಕಣಗಳು ಒಂದಕ್ಕೊಂದು ತೊಡರಿಕೊಂಡು ದಾರಿ ಕಟ್ಟಿ ನಿಂತಿದ್ದವು. ಕಳೆದುಕೊಂಡವರು ಯಾರು ಎಂದು ಬೆಳಿಗ್ಗೆ ಕೇಳಿದ್ದಳಲ್ಲ, ಇಲ್ಲೇ ಪಕ್ಕದಲ್ಲಿ ಕೂತಿದ್ದಾನೆ. ಇನ್ನೂ ಯಾರ್ಯಾರು ಎಲ್ಲೆಲ್ಲಿ ಕೂತಿದ್ದಾರೋ, ಹುಟ್ಟಿಯೇ ಇಲ್ಲವೋ. ಸುಮ್ಮನೆ ಮನೆಗೆ ಹೋಗಬಹುದು. ಜಾಡಿಯಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿದೆ, ತಿಂಗಳ ಕೊನೆಯವರೆಗೆ ಸಾಕು, ಅಷ್ಟರಲ್ಲಿ ಎರಡೂ ಮುಚ್ಚಿಕೊಂಡರೂ ಮುಚ್ಚಿಕೊಂಡವು. ಬೋಗುಣಿಯ ನೀರು ಎಷ್ಟು ಬೆಚ್ಚಗಿರುತ್ತದೆಂದು ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು: ಎಲ್ಲರೆದುರು ಮುಖ ಕೆಳಗೆ ಹಾಕಬೇಕು, ಜಾಡಿ ಹೋಗುತ್ತದೆ. ಎವರ್ಟನ್ ಮೂಗೊರೆಸಿಕೊಂಡು, "ಇರ್ಲಿ ಬಿಡಿ, ನಮ್ಮ ಹಣೆಬರಹ. ನೀವು ಊಟ ಮಾಡಿದ್ರಾ?" ಎಂದ. ಅವನು ಬೈದಿದ್ದರೆ ಅವಳು ಮನೆಗೆ ಹೋಗುತ್ತಿದ್ದಳೋ ಏನೋ. ಊಟದ ಮಾತು ಕೇಳಿ ಎದ್ದಳು.

ಬಾಗಿಲು ತಟ್ಟದೆ ಒಳಗೆ ಹೋದಳು. "ಎಡಗಾಲಿಗೂ ಹಚ್ಚಿದೆ ಡಾಕ್ಟರ್."

"ಏನು?"

"ಮುಲಾಮು. ಮೊದಲಿಂದ ಅಲ್ಲ, ಸ್ವಲ್ಪ ದಿನ ಆದ್ಮೇಲೆ. ಇಲ್ಲಿಗೆ ಬರೋ ದಿನ ಬೆಳಿಗ್ಗೆ ತೊಳ್ಕೊಂಡು ಬರ್ತಿದ್ದೆ."

"ದೇವರೇ! ಡೆಲ್‌ರೋಸ್!" ಎಂದರು ನರ್ಸ್ ಗೇಲ್. "ಅದಕ್ಕಾ ಜಾಡಿ ಅಷ್ಟು ಬೇಗ ಖಾಲಿ ಆಗ್ತಿದ್ದಿದ್ದು? ನಾನೆಲ್ಲೋ ಪುಡ್ಡಿಂಗಿಗೆ ಹಾಕ್ತಿದಾಳೆ ಅಂದ್ಕೊಂಡಿದ್ದೆ." ತಮ್ಮ ಮಾತಿಗೆ ತಾವೇ ನಕ್ಕು, ಡಾಕ್ಟರು ನಗದಿದ್ದುದನ್ನು ಕಂಡು ಟ್ರೇಯ ಕಡೆ ತಿರುಗಿಕೊಂಡರು. ಡಾಕ್ಟರ್ ಲಿಂಡೊ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಯಾಕೆ?"

ಎಷ್ಟೋ ಉತ್ತರಗಳನ್ನು ಅವಳು ಬಸ್ಸಿನಲ್ಲಿ, ಅಡಿಗೆಯ ಹೊತ್ತಿನಲ್ಲಿ, ಪ್ರಾರ್ಥನೆಯ ನಡುವೆ ಕಟ್ಟಿಟ್ಟಿದ್ದಳು. ಬಾಯಿಗೆ ಬಂದದ್ದು ಬೇರೆಯೇ. "ಪಾಪ ಅನ್ನಿಸ್ತು."

"ಯಾರನ್ನ ನೋಡಿ?"

"ಕಾಲನ್ನ ನೋಡಿ."

ತನ್ನ ಕಿವಿ ಬಿಸಿಯಾದದ್ದು ಅವಳಿಗೆ ತಿಳಿಯುತ್ತಿತ್ತು. ಟವೆಲು ಹಿಡಿದು ಗೋಡೆಗೊರಗಿದ್ದಾಗಲೂ ಇಷ್ಟು ಸಣ್ಣವಳಾಗಿ ನಿಂತಿರಲಿಲ್ಲ. ಡಾಕ್ಟರು ಆ ಎರಡು ಹಾಳೆಗಳನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು, ಈ ಸಲ ಬೇರೆ ಥರ ನೋಡಿದರು, ತುಟಿಯ ಮೂಲೆಯಲ್ಲಿ ಏನೋ ಅಲುಗಿತು. "ಅಂದ್ರೆ ಎರಡೂ ಮುಲಾಮಿನ ಕಾಲು," ಎಂದು ತಮಗೇ ಹೇಳಿಕೊಂಡರು. ಆಮೇಲೆ ಅವಳ ಕಡೆ ತಿರುಗಿದಾಗ ಆ ಮುಖ ಮತ್ತೆ ಗಟ್ಟಿಯಾಗಿತ್ತು. "ನೀವು ಮುಂದಿನ ತಿಂಗಳು ಹೇಳಿದ್ದಿದ್ರೆ ಎಲ್ಲ ಮುಗಿದುಹೋಗಿರೋದು, ಗೊತ್ತಾ? ನಿಮ್ಮ ಎಡಗಾಲು ನನಗೆ ಸುಳ್ಳು ಸಾಕ್ಷಿ ಹೇಳ್ತಾ ಬಂತು, ನಾನು ಅದನ್ನೇ ನಂಬ್ತಾ ಕೂತೆ." ಕೋಪ ಇತ್ತು, ಅದು ಬರಬೇಕಾದ ಕೋಪವೇ. "ನಿಮ್ಮನ್ನ ಪರೀಕ್ಷೆಯಿಂದ ತೆಗೀಬೇಕಾಗತ್ತೆ. ಉಳಿದವರದ್ದು ಮುಂದುವರೀತದೆ, ಈಗಲೇ ನಿಲ್ಲಿಸಲ್ಲ. ನೀವು ಎರಡೂ ಕಾಲಿಗೆ ಉಪ್ಪುನೀರು ಕಟ್ಕೊಳ್ಳಿ. ಮುಲಾಮು ಒಳ್ಳೇದು ಅಂತ ತೀರ್ಮಾನ ಆದ್ರೆ ಎಲ್ಲರಿಗೂ ಕೊಡ್ತಾರೆ, ನಿಮಗೂ."

"ಯಾವಾಗ ಡಾಕ್ಟರ್?"

ಡಾಕ್ಟರು ಹಾಳೆಗಳನ್ನು ಕೆಳಗಿಟ್ಟರು. "ಜಾಡಿ ತಂದಿದೀರಾ?"

ತಂದಿದ್ದಳು, ಪ್ರತಿ ಸಲವೂ ತರಬೇಕೆಂಬ ನಿಯಮ. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು, ಆದರೆ ಇಟ್ಟ ಕೈ ಅದನ್ನು ಬಿಡಲಿಲ್ಲ. ಇದ್ದಷ್ಟು ಮುಗಿಸಿಕೊಳ್ಳಲೇ ಎಂದು ಕೇಳಬೇಕೆನ್ನಿಸಿತು; ಕೇಳಿದರೆ ಕೊಟ್ಟರೂ ಕೊಟ್ಟಾರು ಎಂಬ ಭಯದಿಂದ ಕೇಳಲಿಲ್ಲ. ನರ್ಸ್ ಗೇಲ್ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಬೈಯಲಿಲ್ಲ, ಅವಳ ಮುಂಗೈಯನ್ನು ಒಂದು ಸಲ ಒತ್ತಿದರು. ಅಷ್ಟಕ್ಕೇ ಅವಳಿಗೆ ಅಳು ಬಂತು.

ಬಾಗಿಲು ಅವಳು ಮುಚ್ಚಿರಲಿಲ್ಲ. ಎವರ್ಟನ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ, ಅವಳು ಕಣ್ಣೊರೆಸಿಕೊಳ್ಳುವವರೆಗೂ ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ಆಮೇಲೆ ಅತ್ತಿತ್ತ ನೋಡಿ, ತನ್ನ ಚೀಲದಿಂದ ಮುಲಾಮಿನ ಜಾಡಿ ತೆಗೆದು ಮುಚ್ಚಳ ತಿರುಗಿಸಿದ. "ನಿಮ್ಮ ಹತ್ರ ಏನಾದ್ರೂ ಡಬ್ಬಿ ಇದೆಯಾ? ಅರ್ಧ ಹಾಕ್ತೀನಿ."

"ಬೇಡ."

"ಯಾರಿಗೂ ಗೊತ್ತಾಗಲ್ಲ ಮಿಸ್ ಡೆಲ್. ನನಗೆ ಸ್ವಲ್ಪ ಸಾಕು. ಪಾಪ ಅನ್ನಿಸೋ ಹಕ್ಕು ನಿಮ್ಮ ಒಬ್ಬರಿಗೇನಾ?"

ಚೀಲದಲ್ಲಿ ಪುಡ್ಡಿಂಗಿನ ತುಂಡು ತಂದಿದ್ದ ಡಬ್ಬಿ ಇತ್ತು, ಈಗ ಖಾಲಿ. ಕೈ ಆಗಲೇ ಚೀಲದೊಳಗೆ ಹೋಗಿತ್ತು. ತಾನು ಕಳಿಸಿದೆನೋ ಅದೇ ಹೋಯಿತೋ. ಹಳದಿ ಮುಲಾಮು ಜಾಡಿಯ ಬಾಯಿಯವರೆಗೆ ಇತ್ತು, ಅದರ ವಾಸನೆ ಅವಳಿಗೆ ಗೊತ್ತಿತ್ತು, ಅದು ಗಾಯಕ್ಕೆ ತಗುಲಿದ ಕ್ಷಣದ ತಂಪು ಗೊತ್ತಿತ್ತು. ಅರ್ಧ ಅವಳಿಗೆ ಬಂದರೆ ಅವನ ಬಲಗಾಲಿಗೆ ಅರ್ಧವೇ ಉಳಿಯುತ್ತದೆ, ಹುಣ್ಣು ಮುಚ್ಚುವುದು ನಿಧಾನವಾಗುತ್ತದೆ, ಡಾಕ್ಟರು ಮತ್ತೆ ಹಾಳೆಯನ್ನು ಕಿಟಕಿಗೆ ಹಿಡಿಯುತ್ತಾರೆ. ಇವನು ಕೊಡುತ್ತಿರುವುದು ಪ್ರೀತಿಯಿಂದ. ತಾನು ಎಡಗಾಲಿಗೆ ಕೊಟ್ಟದ್ದೂ ಪ್ರೀತಿಯಿಂದಲೇ. ಅವಳಿಗೆ ಒಮ್ಮೆಗೇ ಎಲ್ಲಿಲ್ಲದ ಸಿಟ್ಟು ಬಂತು.

"ಮುಚ್ಚೋ ಅದನ್ನ!" ಎಂದು ಗದರಿದಳು. ಇಡೀ ಬೆಂಚು ತಿರುಗಿ ನೋಡಿತು. ಈ ಕ್ಲಿನಿಕ್ಕಿನಲ್ಲಿ ಅವಳ ದನಿ ಇಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. "ನನಗೂ ಕೊಡಬೇಡ, ಯಾರಿಗೂ ಕೊಡಬೇಡ. ಬಲಗಾಲಿಗೆ ಹಚ್ಚು, ಬಲಗಾಲಿಗೆ ಮಾತ್ರ. ಕೇಳಿಸ್ತಾ?"

ಅವನು ಹೆದರಿದ ಹುಡುಗನ ಹಾಗೆ ಮುಚ್ಚಳ ತಿರುಗಿಸಿ ಜಾಡಿಯನ್ನು ಒಳಗಿಟ್ಟ. ಆಮೇಲೆ, ಬೇರೆಯವರಿಗೆ ಕೇಳಿಸದ ಹಾಗೆ, ಈ ಸಲ ತಮಾಷೆಯಿಲ್ಲದೆ ಹೇಳಿದ. "ಅದು ನೋಡ್ತಾ ಇರತ್ತೆ ಮಿಸ್ ಡೆಲ್. ಈ ಎಡಗಾಲು. ನಾನು ಬಲಗಾಲಿಗೆ ಹಚ್ಚೋವಾಗ ದಿನಾ ನೋಡ್ತಾ ಇರತ್ತೆ."

"ಗೊತ್ತು," ಎಂದಳು ಡೆಲ್‌ರೋಸ್. "ಅದರ ಜೊತೆ ಮಾತಾಡು. ಎಷ್ಟು ಬೇಕಾದ್ರೂ ಮಾತಾಡು. ಮುಲಾಮು ಮಾತ್ರ ಕೊಡಬೇಡ."